ಕಳೆದುಹೋದ ಇ-ಮೇಲ್ ಫೋಲ್ಡರ್ ಹುಡುಕುವುದು ಹೇಗೆ?



ಇ-ಮೇಲ್ ಎಂದರೆ ಕಂಪ್ಯೂಟರಿನಲ್ಲಿ ಬರುವ ಪತ್ರ. ಮೊಬೈಲಿನಲ್ಲಿ ನಾವು ನೋಡುವ ಮೇಲ್ ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಆದರೆ ಕೆಲವು ಆಫೀಸುಗಳಲ್ಲಿ ಪತ್ರಗಳನ್ನು ಮೇಜಿನ ಮೇಲಿನ ಕಂಪ್ಯೂಟರಿಗೇ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ಪ್ರೋಗ್ರಾಂಗಳಲ್ಲಿ ಥಂಡರ್‌ಬರ್ಡ್ ಒಂದು. ಮೊಜಿಲ್ಲಾದವರು ಇದರ 1.0 ಆವೃತ್ತಿಯನ್ನು 2004ರಲ್ಲಿ ಹೊರತಂದರು. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ನಮ್ಮ ಸೋದರಮಾವ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಯಾವ ಲಾರಿಯಲ್ಲಿ ಎಷ್ಟು ಚೀಲ ಹೋದವು, ಯಾರಿಂದ ಎಷ್ಟು ದುಡ್ಡು ಬರಬೇಕು ಎಂಬ ಪತ್ರಗಳೆಲ್ಲ ‘ಲಾರಿ ಲೆಕ್ಕ’ ಎಂಬ ಫೋಲ್ಡರಿನಲ್ಲಿದ್ದವು. ಒಂದಿನ ಆ ಫೋಲ್ಡರೇ ಕಾಣಲಿಲ್ಲ. ಪತ್ರ ಇಲ್ಲದೆ ದುಡ್ಡು ಕೇಳೋದು ಹೆಂಗ? ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಕಂಟೋನ್ಮೆಂಟಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣ ಒಬ್ಬರು ದಾರಿ ತೋರಿಸಿದರು. ಅವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಶಾಲೆಯ ಪುಸ್ತಕಗಳು ಬೀರುವಿನಲ್ಲಿ ಇರುತ್ತವೆ. ಅವುಗಳ ಪಟ್ಟಿ ರಿಜಿಸ್ಟರಿನಲ್ಲಿ ಇರುತ್ತದೆ. ರಿಜಿಸ್ಟರ್ ಹರಿದರೆ ಪುಸ್ತಕ ಹೋದವೇನು? ಇಲ್ಲ. ಇದೂ ಹಂಗೇ. ಥಂಡರ್‌ಬರ್ಡ್‌ನಲ್ಲಿ ಒಂದು ಫೋಲ್ಡರಿಗೆ ಸಾಮಾನ್ಯವಾಗಿ ಎರಡು ಫೈಲುಗಳು. ಒಂದರಲ್ಲಿ ಪತ್ರಗಳು, ಇನ್ನೊಂದರಲ್ಲಿ ಪಟ್ಟಿ ಮಾತ್ರ. ಪಟ್ಟಿಯ ಫೈಲಿನ ಹೆಸರು ‘ಡಾಟ್ ಎಂಎಸ್‌ಎಫ್’ ಎಂದು ಮುಗಿಯುತ್ತದೆ. ಪಟ್ಟಿ ಕೆಟ್ಟರೂ ಪತ್ರಗಳು ಉಳಿದಿರುತ್ತವೆ.

ಹುಡುಕುವ ಕ್ರಮ:

1. ಮೌಸ್ ಹಿಡಿದ ಕೈ ಜಾರಿದರೆ ಒಂದು ಫೋಲ್ಡರ್ ಇನ್ನೊಂದರ ಹೊಟ್ಟೆಯೊಳಗೆ ಹೋಗಿಬಿಡುತ್ತದೆ. ಫೋಲ್ಡರ್ ಹೆಸರಿನ ಹಿಂದಿನ ಸಣ್ಣ ಬಾಣ ಒತ್ತಿ ಒಳಗೆ ನೋಡಿ. ಮಾವನ ಫೋಲ್ಡರ್ ಸಿಕ್ಕಿದ್ದು ಇಲ್ಲೇ! ಎಳೆದು ಮೊದಲಿನ ಜಾಗಕ್ಕೆ ತಂದರು, ಕೆಲಸ ಆತು.

2. ಅಳಿಸಿದ ಫೋಲ್ಡರ್ ಸಾಮಾನ್ಯವಾಗಿ ಮೊದಲು ‘ಟ್ರ್ಯಾಶ್’ ಎಂಬ ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ಖಾಲಿ ಮಾಡಿರದಿದ್ದರೆ ಅಲ್ಲಿಂದ ಎಳೆದು ತರಬಹುದು.

3. ಫೋಲ್ಡರ್ ಇದೆ, ಪತ್ರ ಕಾಣುತ್ತಿಲ್ಲವೇ? ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ನಲ್ಲಿ ‘ರಿಪೇರ್ ಫೋಲ್ಡರ್’ ಕೊಡಿ. ಪ್ರೋಗ್ರಾಂ ಪತ್ರಗಳನ್ನು ಓದಿ ಹೊಸ ಪಟ್ಟಿ ಬರೆದುಕೊಳ್ಳುತ್ತದೆ.

4. ‘ಐಮ್ಯಾಪ್’ ಎಂಬ ವಿಧಾನದಲ್ಲಿ ಪತ್ರಗಳು ಸರ್ವರಿನಲ್ಲೂ ಇರುತ್ತವೆ. ಇಂಟರ್‌ನೆಟ್ಟಿನಲ್ಲಿ ಮೇಲ್ ತೆರೆದು ನೋಡಿ. ಅಲ್ಲಿ ಫೋಲ್ಡರ್ ಇದ್ದರೆ, ಥಂಡರ್‌ಬರ್ಡ್‌ನ ‘ಸಬ್‌ಸ್ಕ್ರೈಬ್’ನಲ್ಲಿ ಅದರ ಹೆಸರಿಗೆ ಗುರುತು ಹಾಕಿ.

5. ಎಲ್ಲೂ ಇಲ್ಲದಿದ್ದರೆ ಹಳೇ ಬ್ಯಾಕಪ್ಪೇ ಗತಿ. ಪ್ರೋಗ್ರಾಂ ಮುಚ್ಚಿ, ಬ್ಯಾಕಪ್ಪಿನಲ್ಲಿರುವ ಪತ್ರಗಳ ಫೈಲನ್ನು ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿ ಹಾಕಿ ಮತ್ತೆ ತೆರೆದರೆ ಫೋಲ್ಡರ್ ಕಾಣುತ್ತದೆ.

ಎಚ್ಚರಿಕೆ: ಗಾಬರಿಯಲ್ಲಿ ‘ಕಾಂಪ್ಯಾಕ್ಟ್’ ಒತ್ತಬೇಡಿ. ಅಳಿಸಿದ ಪತ್ರ ಕೂಡಲೇ ಫೈಲಿನಿಂದ ಹೋಗುವುದಿಲ್ಲ, ಅದರ ಮೇಲೆ ಗೆರೆ ಎಳೆದಂತೆ ಆಗಿರುತ್ತದೆ ಅಷ್ಟೇ. ಕಾಂಪ್ಯಾಕ್ಟ್ ಮಾಡಿದರೆ ಹಾಳೆಯನ್ನೇ ಹರಿದು ಬಿಸಾಕಿದಂತೆ. ರಿಪೇರಿಗೆ ಮೊದಲು ಪ್ರೋಗ್ರಾಂ ಮುಚ್ಚಿ, ‘ಪ್ರೊಫೈಲ್’ ಎಂಬ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಅದು ಎಲ್ಲಿದೆ ಎಂದು ‘ಹೆಲ್ಪ್’ನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ನಲ್ಲಿ ತಿಳಿಯುತ್ತದೆ.

ಮಾವ ಈಗ ಪ್ರತಿ ಶನಿವಾರ ನಕಲು ತೆಗೆದಿಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುತ್ತಿದ್ದರೆ ಅವರಿಗೂ ಇದನ್ನು ಹೇಳಿ.

– 7ನೇ ತರಗತಿ ವಿದ್ಯಾರ್ಥಿನಿ