ಕಬ್ಬಿನ ಜೀವಕೋಶದ ಕಣದಂಗಗಳು: ರಚನೆ ಮತ್ತು ಕಾರ್ಯ

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಹಾಗೂ ಜಮಖಂಡಿ ತಾಲ್ಲೂಕುಗಳ ನೀರಾವರಿ ಪ್ರದೇಶದಲ್ಲಿ ಕಬ್ಬು ಪ್ರಧಾನ ಬೆಳೆಯಾಗಿದೆ. ಕಬ್ಬಿನ ಬೆಲೆಯನ್ನು ನಿರ್ಧರಿಸುವ ಸಕ್ಕರೆಯ ತಯಾರಿಕೆ, ಸಂಗ್ರಹ ಮತ್ತು ನಷ್ಟಗಳು ಮೂರೂ ಬರಿಗಣ್ಣಿಗೆ ಕಾಣದ ಜೀವಕೋಶದೊಳಗೇ ನಡೆಯುತ್ತವೆ. ಆದ್ದರಿಂದ ಕೋಶದ ಕಣದಂಗಗಳ ಅಧ್ಯಯನವು ಈ ಭಾಗದ ಬೇಸಾಯಕ್ಕೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

1831ರಲ್ಲಿ ರಾಬರ್ಟ್ ಬ್ರೌನ್ ಹೆಸರಿಸಿದ ಕೋಶಕೇಂದ್ರವು ಅನುವಂಶೀಯ ಮಾಹಿತಿಯ ನೆಲೆಯಾಗಿದೆ. ಆ ಮಾಹಿತಿಯಂತೆ ರೈಬೋಸೋಮುಗಳು ಕಿಣ್ವಗಳೇ ಮೊದಲಾದ ಪ್ರೋಟೀನುಗಳನ್ನು ತಯಾರಿಸುತ್ತವೆ.

ಎಲೆಯಲ್ಲಿ ದ್ಯುತಿಸಂಶ್ಲೇಷಣೆಯನ್ನು ನಡೆಸುವ ಕಣದಂಗ ಕ್ಲೋರೋಪ್ಲಾಸ್ಟ್. ಕಬ್ಬಿನಲ್ಲಿ ಇದು ಎರಡು ಬಗೆಯದು. ಎಲೆಯ ನಡುಪದರದ ಕೋಶಗಳಲ್ಲಿನ ಕ್ಲೋರೋಪ್ಲಾಸ್ಟಿನಲ್ಲಿ ಪೊರೆಗಳು ನಾಣ್ಯಗಳ ಅಡಕಿನಂತೆ ಜೋಡಣೆಗೊಂಡಿವೆ. ನಾಳಗಳನ್ನು ಸುತ್ತುವರಿದ ಕೋಶಗಳ ಕ್ಲೋರೋಪ್ಲಾಸ್ಟಿನಲ್ಲಿ ಇಂತಹ ಅಡಕುಗಳು ಬಹುಮಟ್ಟಿಗೆ ಇಲ್ಲ. ನಡುಪದರದ ಕೋಶಗಳು ಇಂಗಾಲದ ಡೈಆಕ್ಸೈಡನ್ನು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು ನಾಳದ ಸುತ್ತಲಿನ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ಬಿಡುಗಡೆಯಾಗಿ ಸಾಂದ್ರಗೊಳ್ಳುವುದರಿಂದ ಬಿರುಬಿಸಿಲಿನಲ್ಲಿಯೂ ಕಬ್ಬು ಸಮರ್ಥವಾಗಿ ಆಹಾರವನ್ನು ತಯಾರಿಸಬಲ್ಲದು. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಈ ಮಾರ್ಗವನ್ನು ಕಬ್ಬಿನ ಎಲೆಯ ಮೇಲಿನ ಪ್ರಯೋಗಗಳಿಂದಲೇ ವಿವರಿಸಿದರು.

ಎಲೆಯ ಕೋಶದ್ರವ್ಯದಲ್ಲಿ ರೂಪುಗೊಂಡ ಸುಕ್ರೋಸ್ ನಾಳಗಳ ಮೂಲಕ ಕಾಂಡಕ್ಕೆ ಇಳಿದು ಬಹುಪಾಲು ರಸದಾನಿಯಲ್ಲಿ ಶೇಖರಗೊಳ್ಳುತ್ತದೆ. ಒಂದೇ ಪೊರೆಯಿಂದ ಆವೃತವಾದ ಈ ಕಣದಂಗವು ಬಲಿತ ಕೋಶದ ಹೆಚ್ಚಿನ ಭಾಗವನ್ನು ಆಕ್ರಮಿಸಿರುತ್ತದೆ. ಗಾಣದಲ್ಲಿ ಹಿಂಡಿದಾಗ ದೊರೆಯುವ ಹಾಲು ಮುಖ್ಯವಾಗಿ ಒಡೆದ ರಸದಾನಿಗಳ ರಸವೇ ಆಗಿದೆ.

ಕಟಾವಿನೊಂದಿಗೆ ಕೋಶದ ಚಟುವಟಿಕೆ ನಿಲ್ಲುವುದಿಲ್ಲ. ಮೈಟೋಕಾಂಡ್ರಿಯಗಳು ಉಸಿರಾಟವನ್ನು ಮುಂದುವರಿಸಿ ಸಕ್ಕರೆಯನ್ನು ವ್ಯಯಿಸುತ್ತವೆ. ಇನ್ವರ್ಟೇಸ್ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಕಾರ್ಖಾನೆಯಲ್ಲಿ ಹರಳುಗಟ್ಟುವುದಿಲ್ಲ. ಇವುಗಳ ಪ್ರಮಾಣ ಹೆಚ್ಚಿದರೆ ಬೆಲ್ಲದ ಪೆಂಟೆಯೂ ಗಟ್ಟಿಯಾಗುವುದಿಲ್ಲ. ಕತ್ತರಿಸಿದ ತುದಿಯಿಂದ ಒಳಸೇರುವ ಬ್ಯಾಕ್ಟೀರಿಯಗಳು ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಎಳೆಯ ಗಣಿಕೆಗಳಲ್ಲಿ ಇನ್ವರ್ಟೇಸಿನ ಚಟುವಟಿಕೆ ಅಧಿಕವಾಗಿರುವುದರಿಂದಲೇ ಕಬ್ಬಿನ ತುದಿಯನ್ನು ಕಡಿದು ತೆಗೆಯುವುದು ಯುಕ್ತ.

ಕಡಿದ ಕಬ್ಬು ಬಿಸಿಲಿನಲ್ಲಿ ಕಾದಷ್ಟೂ ತೂಕದಲ್ಲಿ ರೈತನಿಗೂ ಸಕ್ಕರೆಯ ಇಳುವರಿಯಲ್ಲಿ ಕಾರ್ಖಾನೆಗೂ ಹಾನಿಯಾಗುತ್ತದೆ. ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ದರವು ಇಳುವರಿಯನ್ನು ಆಧರಿಸಿರುವುದರಿಂದ ಆ ಹಾನಿಯ ಪಾಲು ಮತ್ತೆ ರೈತನಿಗೇ ತಲುಪುತ್ತದೆ. ಕಟಾವು, ಸಾಗಣೆ ಮತ್ತು ನುರಿಸುವಿಕೆಗಳ ನಡುವಿನ ಅವಧಿಯನ್ನು ಒಂದು ದಿನಕ್ಕೆ ಮಿತಗೊಳಿಸುವುದು ರಸದಾನಿಯಲ್ಲಿನ ಸಂಪತ್ತನ್ನು ಉಳಿಸಿಕೊಳ್ಳುವ ಅತ್ಯಂತ ಸರಳ ಉಪಾಯವಾಗಿದೆ.