ಅರಸರ ಬೇಟೆಕಾಡು ಹುಲಿಗಳ ಬೀಡಾದ ಬಗೆ

ಮುಶಿಗೇರಿ, ಗಜೇಂದ್ರಗಡದ ಕಡೆಯ ಮಕ್ಕಳಿಗೆ ಗುಡ್ಡವೆಂದರೆ ಕೋಟೆ ಹೊತ್ತ ಬಂಡೆ, ಅದರ ಕೆಳಗೆ ಹರಡಿದ ಎರೆಹೊಲ. ಶಾಲಾ ಪ್ರವಾಸಕ್ಕೆಂದು ಮೈಸೂರಿಗೆ ಹೋದವರೂ ಅರಮನೆ, ಮೃಗಾಲಯ ನೋಡಿ ಊರಿಗೆ ಹಿಂತಿರುಗುವುದೇ ಹೆಚ್ಚು. ಊಟಿ ರಸ್ತೆಯಲ್ಲಿ ಇನ್ನು ಸುಮಾರು 80 ಕಿ.ಮೀ. ಸಾಗಿದರೆ ಸಿಗುವುದು ಬಂಡೀಪುರ ರಾಷ್ಟ್ರೀಯ ಉದ್ಯಾನ. ಅದೇ ಅರಮನೆಯ ಚರಿತ್ರೆಯ ಒಂದು ಅಧ್ಯಾಯ ಅಲ್ಲಿ ಕಾಡಾಗಿ ನಿಂತಿದೆ.

ಬಂಡೀಪುರ ಮೈಸೂರು ಮಹಾರಾಜರ ಬೇಟೆಯ ತಾಣವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, 90 ಚದರ ಕಿ.ಮೀ. ಕಾಡು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಕರೆದರು. ಈ ಹೆಸರು ಬಂದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1454 ಮೀಟರ್ ಎತ್ತರದ ಆ ಬೆಟ್ಟದ ಗುಡಿಯನ್ನು 1315ರಲ್ಲಿ ಹೊಯ್ಸಳ ಬಲ್ಲಾಳ ಕಟ್ಟಿಸಿದನೆಂಬ ಪ್ರತೀತಿಯಿದೆ. ನೆತ್ತಿಯ ಮೇಲೆ ಮಂಜು ಮುಸುಕಿದ ಹುಲ್ಲುಗಾವಲು, ಕಣಿವೆಯ ಮಡಿಕೆಗಳಲ್ಲಿ ಹಸಿರು ಶೋಲಾ ಕಾಡು. ಕೆಳಗೆ ಮಾತ್ರ ಬೇರೆಯೇ ಲೋಕ. ಪಶ್ಚಿಮ ಘಟ್ಟ ಮಳೆಯನ್ನು ತಡೆಯುವುದರಿಂದ ತೇಗ, ಮತ್ತಿ, ದಿಂಡಿಗ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತವೆ. ಆಗ ಒಂದು ಕಿಡಿ ಸಾಕು. 2019ರ ಫೆಬ್ರುವರಿಯ ಬೆಂಕಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು.

ಅರಸರು ಕಾಡು ಕಾಯ್ದದ್ದು ಬೇಟೆಗೆ ಮೃಗಗಳು ಉಳಿಯಲೆಂದು. ಹಾಗಿದ್ದರೂ ಆ ಕಾವಲಿನಿಂದ ನೇಗಿಲು, ಕೊಡಲಿಗಳು ದೂರ ಉಳಿದವು ಎಂಬುದನ್ನು ಒಪ್ಪಲೇಬೇಕು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಯಿತು. ಆಗ ಇಲ್ಲಿ ಹನ್ನೆರಡರಷ್ಟು ಹುಲಿಗಳಿದ್ದವೆಂದು ಅಂದಾಜು. 2022ರ ಗಣತಿಯಲ್ಲಿ ಸಿಕ್ಕ ಸಂಖ್ಯೆ 150. ಕಾರ್ಬೆಟ್ ಬಿಟ್ಟರೆ ದೇಶದಲ್ಲೇ ಹೆಚ್ಚು! (ಅಂದು ಎಣಿಸುತ್ತಿದ್ದುದು ಹೆಜ್ಜೆ ಗುರುತು ನೋಡಿ, ಇಂದು ಕ್ಯಾಮೆರಾ ಇಟ್ಟು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.)

ಈ ಹೆಮ್ಮೆಗೆ ಬೆಲೆ ತೆತ್ತವರೂ ಇದ್ದಾರೆ. ಜೇನುಕುರುಬರು, ಸೋಲಿಗರು ತಲೆಮಾರುಗಳಿಂದ ಬಾಳಿದ ಹಾಡಿಗಳನ್ನು ಬಿಟ್ಟು ಕಾಡಿನ ಅಂಚಿಗೆ ಬರಬೇಕಾಯಿತು. ಅಂಚಿನ ರೈತರು ಆನೆಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಸಫಾರಿಯಲ್ಲಿ ಹುಲಿ ಕಾಣದಿದ್ದರೆ ಮುನಿಸಿಕೊಳ್ಳುವ ಮಕ್ಕಳಿಗೆ ತಂದೆತಾಯಿ ಈ ಮಾತನ್ನೂ ಹೇಳಬೇಕು. ಹುಲಿಯ ಬದಲು ಕಾಟಿ, ಸೀಳುನಾಯಿ, ಜಿಂಕೆಗಳ ಹಿಂಡು ಕಂಡರೂ ಅದು ಕಡಿಮೆ ಭಾಗ್ಯವಲ್ಲ.

ಊಟಿಯಿಂದ ಈ ದಾರಿಯಾಗಿ ಮರಳುವವರಿಗೆ ಒಂದು ಸೂಚನೆ: ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಲಾಯಿತು. ಕತ್ತಲಾಗುವ ಮೊದಲೇ ಕಾಡು ದಾಟುವಂತೆ ಹೊರಡಿ.