ಹಿಟ್ಟಿನ ಮುದ್ದೆಯಲ್ಲಿ ಹೊಂಗೆಯ ಚಿಗುರು



ಪೇಟೆಯಲ್ಲಿ ಸಿಗುವ ಮಕ್ಕಳ ಪುಸ್ತಕಗಳಲ್ಲಿ ವಸಂತವೆಂದರೆ ಹಿಮ ಕರಗುವುದು, ಟುಲಿಪ್ ಹೂ ಅರಳುವುದು. ನಮ್ಮ ತಾಳವಾಡಿ ಗುಡ್ಡಗಳ ಮಗು ಇವೆರಡನ್ನೂ ಕಂಡಿಲ್ಲ. ಅದು ಕಂಡಿರುವುದು ಎಲೆಯೇ ಇಲ್ಲದ ಮುತ್ತುಗದ ಮರ ಕೆಂಡದಂತೆ ಹೂ ಬಿಡುವುದನ್ನು, ಹೊಂಗೆ ಚಿಗುರುವುದನ್ನು, ಬೇವಿನ ಹೂ ಅಂಗಳಕ್ಕೆ ಉದುರುವುದನ್ನು. ಯುಗಾದಿಗೆ ಬೇವು ಬೆಲ್ಲ ತಿಂದು, ಏಪ್ರಿಲ್ ನಡುವೆ ಚಿತ್ತಿರೈ ಮೊದಲ ದಿನ ಪಕ್ಕದ ಮನೆಯಲ್ಲಿ ಬೇವಿನ ಹೂವಿನ ಪಚ್ಚಡಿಯನ್ನೂ ತಿನ್ನುವ ಮಕ್ಕಳು ಇವರು. ಎರಡು ಹೊಸ ವರ್ಷ, ಎರಡು ಭಾಷೆ. ಈ ವಸಂತವನ್ನು ಮಗುವಿನ ಕೈಗೆ ಕೊಡುವುದು ಹೇಗೆ ಎಂಬುದೇ ಇಂದಿನ ಮಾತು.

ಅದಕ್ಕೆ ಬೇಕಾದದ್ದು ಒಂದು ಮುದ್ದೆ ಹಿಟ್ಟು. ಆಟದ ಹಿಟ್ಟು ಎಂದರೆ ಪಟ್ಟಣದವರ ಸೋಗು ಎಂದುಕೊಳ್ಳಬೇಡಿ. ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡುವಾಗ ಅಕ್ಕಿಹಿಟ್ಟು, ಬೆಲ್ಲ ನಾದಿ ದೀಪದ ಗುಳಿ ಒತ್ತುವುದಿಲ್ಲವೇ? ತಮಿಳರ ಮಾವಿಳಕ್ಕೂ ಅದೇ. ಅಂಗಡಿಯಲ್ಲಿ ಡಬ್ಬಿಗಳಲ್ಲಿ ಮಾರುವ ಪ್ಲೇ-ಡೋ ಮೊದಲಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆ ಕಾಗದದ ಮಸಿ ಒರೆಸುವ ಮುದ್ದೆಯಾಗಿತ್ತು. ಶಿಶುವಿಹಾರದ ಶಿಕ್ಷಕಿಯೊಬ್ಬರು ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಆಟಿಕೆಯಾಯಿತು. ಅದೇ ವರ್ಷ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಗಿ, ನಾವು ಮದ್ರಾಸಿನಲ್ಲೇ ಉಳಿದೆವು!

ಈಗ ಹಿಟ್ಟಿಗೆ ಬರೋಣ. ಎರಡು ಲೋಟ ಮೈದಾ ಅಥವಾ ಗೋಧಿಹಿಟ್ಟು, ಒಂದು ಲೋಟ ಪುಡಿಯುಪ್ಪು, ಎರಡು ಚಮಚ ಎಣ್ಣೆ. ನೀರು ಸುಮಾರು ಮುಕ್ಕಾಲು ಲೋಟ, ಸ್ವಲ್ಪ ಸ್ವಲ್ಪವಾಗಿ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಉಪ್ಪು ಬೂಸಲು ಬರದಂತೆ ತಡೆಯುತ್ತದೆ. ರಾಗಿಹಿಟ್ಟು ಆಗದೇ ಎಂದು ಕೇಳುವಿರಿ. ಗೋಧಿಯಲ್ಲಿ ನಾದಿದಷ್ಟೂ ಎಳೆಯುವ ಅಂಟು ಇದೆ, ರಾಗಿಯಲ್ಲಿ ಅದಿಲ್ಲ. ಬೇಯಿಸಿದರೆ ಮುದ್ದೆ ನಿಲ್ಲುತ್ತದೆ ನಿಜ, ಆರಿದ ಮೇಲೆ ಬಿರುಕು ಬಿಡುತ್ತದೆ. ರಾಗಿ ಊಟಕ್ಕೇ ಇರಲಿ.

ಬಣ್ಣಕ್ಕೆ ಅಡುಗೆಮನೆ ಸಾಕು. ಅರಿಸಿನ ಹಾಕಿದರೆ ಕಕ್ಕೆ ಹೂವಿನ ಹಳದಿ. ಅದೇ ಹಿಟ್ಟಿಗೆ ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಕೆಂಪಿಗೆ ತಿರುಗುತ್ತದೆ. ಮುತ್ತುಗಕ್ಕೆ ಅದು ಒಪ್ಪುತ್ತದೆ. ಕುಂಕುಮ ಮಾಡುವಂತೆ ಸುಣ್ಣ ಮಾತ್ರ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೊಪ್ಪು ಅರೆದ ರಸದಿಂದ ಹೊಂಗೆಯ ಹಸಿರು. ಅರಿಸಿನದ ಕಲೆ ಬಟ್ಟೆಯಿಂದ ಹೋಗದು, ಹಳೆಯ ಅಂಗಿ ಹಾಕಿಸಿ.

ಮೊದಲು ಹೂ ಮಾಡಿಸಲು ಹೋಗಬೇಡಿ. ಮೂರು ವರ್ಷದ ಕೈಗೆ ಸುಲಭವಾದದ್ದು ಅಂಗೈಯಲ್ಲಿ ಹೊಸೆದ ಹುಳು. ಉದ್ದವಾದರೆ ಹಾವು, ಸುರುಳಿ ಸುತ್ತಿದರೆ ಹೂ. ಚಪ್ಪಟೆ ತಟ್ಟಿ, ಮೇಲೆ ನಿಜವಾದ ಹೊಂಗೆ ಎಲೆ ಒತ್ತಿ ತೆಗೆದರೆ ನರನರವೂ ಮೂಡುತ್ತದೆ. ಚಿಕ್ಕ ಉಂಡೆಗಳನ್ನು ಕಡ್ಡಿಗೆ ಅಂಟಿಸಿದರೆ ಬೇವಿನ ಹೂಗೊಂಚಲು. ಹೆಬ್ಬೆರಳು ತೋರುಬೆರಳು ಸೇರಿಸಿ ಹೀಗೆ ಚಿವುಟುವ ಬೆರಳುಗಳೇ ನಾಳೆ ಬಳಪ ಹಿಡಿಯಬೇಕು.

ಇನ್ನು ಮುಖ್ಯ ವಿಷಯ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರವೂ ಸೇರಿ ದೇಶದ 33 ಕಡೆ ಶುರುವಾದ ಯೋಜನೆಯಿಂದ ಅಂಗನವಾಡಿಗಳು ಬಂದವು. ಅಲ್ಲಿ ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ಮನೆಯಲ್ಲಿ ಕನ್ನಡವಾಡುವ ಮಗು ಸುಮ್ಮನೆ ಕೂತರೆ, ಅದನ್ನು ಮಂದ ಎಂದುಬಿಡುವುದು ಸುಲಭ. 2006ರ ಕಾಯಿದೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ನಮ್ಮ ಮಕ್ಕಳು ತಮಿಳು ಕಲಿಯಲೇಬೇಕು, ಕಲಿಯಲಿ. ಆದರೆ ಬಾಯಿ ಕಟ್ಟಿಸಿಕೊಂಡು ಅಲ್ಲ.

ಹಿಟ್ಟು ಕೈಯಲ್ಲಿದ್ದಾಗ ಮಗು ತಾನಾಗಿ "ಹುಳು" ಎನ್ನುತ್ತದೆ. "ತಪ್ಪು, ಪುಳು ಅನ್ನು" ಎನ್ನಬೇಡಿ. "ಹೌದು ಕಂದ, ಹುಳು. ತಮಿಳಲ್ಲಿ ಪುಳು" ಎನ್ನಿ. ಹಾವು ಪಾಂಬು, ಹೂ ಪೂ, ಹೊಂಗೆ ಪುಂಗೈ, ಹುಲಿ ಪುಲಿ. ಇಲ್ಲೆಲ್ಲ ನಮ್ಮ ಹಕಾರಕ್ಕೆ ಅವರದು ಪಕಾರ. ಹಳಗನ್ನಡದಲ್ಲಿ ನಾವೂ ಪುಲಿ, ಪೂ ಎನ್ನುತ್ತಿದ್ದವರೇ. ಎಲ್ಲವೂ ಹೀಗೆ ಹೊಂದುವುದಿಲ್ಲ. ಚಿಟ್ಟೆಗೆ ಪಟ್ಟಾಂಪೂಚ್ಚಿ ಎಂದರೆ ಮಕ್ಕಳು ನಗುತ್ತಾರೆ. ನಗಲಿ, ನಕ್ಕ ಮಾತು ನೆನಪಿರುತ್ತದೆ. ತಮಿಳು ಮನೆಯ ಮಗು ಜೊತೆಗಿದ್ದರೆ ಚಿಟ್ಟೆ ಎಂಬುದು ಅದಕ್ಕೂ ಬರಲಿ.

ಹಿಟ್ಟು ದಂಡ ಎಂದು ಅಜ್ಜಿ ಗೊಣಗಿದರೆ ಅದೂ ನ್ಯಾಯವೇ. ಬೇಸಿಗೆಯಲ್ಲಿ ನೀರಿಳಿದ ಕೆರೆಯ ಜೇಡಿಮಣ್ಣು ತನ್ನಿ. ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿನೀರು ಬಸಿದು, ನೆರಳಲ್ಲಿ ಆರಿಸಿ ನಾದಿದರೆ ಮೈದಾಗಿಂತ ಚೆನ್ನ. ಕೆರೆಗೆ ಮಾತ್ರ ದೊಡ್ಡವರೇ ಹೋಗಬೇಕು.

ಎರಡು ಎಚ್ಚರಿಕೆ ಹೇಳಲೇಬೇಕು. ಹಕ್ಕಿಯ ಕಣ್ಣಿಗೆಂದು ಗುಲಗಂಜಿ ಕೊಡಬೇಡಿ, ಅಗಿದರೆ ಪ್ರಾಣಕ್ಕೇ ಅಪಾಯ. ಹೊಂಗೆ ಬೀಜವೂ ವಿಷವೇ. ಯಾವ ಬೀಜವಾದರೂ ಈ ವಯಸ್ಸಿನವರ ಮೂಗಿಗೆ ಹೋಗುತ್ತದೆ, ಕಣ್ಣನ್ನು ಕಡ್ಡಿಯಿಂದ ಚುಚ್ಚಿದರಾಯಿತು. ಇನ್ನು, ಉಪ್ಪಿನ ಹಿಟ್ಟನ್ನು ಮಗು ತುಂಬಾ ತಿನ್ನದಂತೆ ಹತ್ತಿರವೇ ಕೂತಿರಿ. ಉಳಿದದ್ದನ್ನು ನಾಯಿಗೆ ಸಿಗುವಂತೆ ಬಿಸಾಡಬೇಡಿ, ಅಷ್ಟು ಉಪ್ಪು ಅದಕ್ಕೂ ವಿಷ.

ಮುಚ್ಚಳದ ಡಬ್ಬಿಯಲ್ಲಿಟ್ಟರೆ ಹಿಟ್ಟು ಕೆಲವು ದಿನ ಬರುತ್ತದೆ, ವಾಸನೆ ಬಂದರೆ ಎಸೆಯಿರಿ. ಮಾಡಿದ ಹೂ ಎಲೆಗಳನ್ನು ನೆರಳಲ್ಲಿ ಒಣಗಿಸಿ, ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಬಹುದು. ಮಳೆ ಹಿಡಿದರೆ ಉಪ್ಪು ಗಾಳಿಯ ತೇವ ಹೀರಿ ಅವು ಮೆತ್ತಗಾಗುತ್ತವೆ. ಅಲ್ಲಿಯವರೆಗೆ ಮಾವಿನ ತೋರಣದ ಪಕ್ಕದಲ್ಲೇ ಇರಲಿ.